ಮೊಬೈಲಿಗೆ ಗೆರೆ ಎಳೆದ ಬಗೆ: ನಮ್ಮ ಪ್ಲಾಂಟಿನ ಅನುಭವ

‘ಮೊಬೈಲ್ ನಿಷೇಧ’ ಅಂತ ಬೋರ್ಡು ಹಾಕಿದರೆ ಸಾಕು, ಉಳಿದದ್ದೆಲ್ಲ ದಂಡದ ಖರ್ಚು ಎಂದವರೇ ಹೆಚ್ಚು. ಬೋರ್ಡು ಇದ್ದಾಗಲೂ ಫೋನು ಜೇಬಿನಲ್ಲೇ ಇರುತ್ತಿತ್ತು, ಅದರ ರೇಡಿಯೋ ತರಂಗಕ್ಕೆ ಥರ್ಮೋಕಪಲ್ (ತಾಪಮಾನ ಅಳೆಯುವ ತಂತಿ) ರೀಡಿಂಗ್ ಜಿಗಿಯುತ್ತಲೇ ಇತ್ತು. ಈಗ ಹತ್ತಿರಹತ್ತಿರ ಎರಡು ವರ್ಷದಿಂದ ಅಂಥ ಜಿಗಿತ ಒಂದೂ ಲಾಗ್‌ಬುಕ್ಕಿಗೆ ಬಂದಿಲ್ಲ. ಸೂಕ್ಷ್ಮ ಉಪಕರಣಕ್ಕೆ ಒಂದು ನಿಯಮ, ಹೊತ್ತಿಕೊಳ್ಳುವ ಅನಿಲ ಇರುವ ಜಾಗಕ್ಕೆ ಬೇರೆಯದೇ ನಿಯಮ. ಎರಡನ್ನೂ ಒಂದೇ ಬೋರ್ಡಿಗೆ ತುರುಕಿದ್ದೇ ಹಳೆಯ ತಪ್ಪು.

ಉಪಕರಣದ ಕಡೆ ಅಳೆದೇ ತೀರಬೇಕು. ಪ್ರೋಸೆಸ್ ನಿಲ್ಲಿಸಿ, ಅನಿಲ ಇಲ್ಲವೆಂದು ಖಾತ್ರಿಯಾದ ಮೇಲೆ, ಕರೆಯಲ್ಲಿರುವ ಫೋನನ್ನು ಮೂರು ಮೀಟರಿನಿಂದ ಅರ್ಧರ್ಧ ಮೀಟರಿನಂತೆ ಹತ್ತಿರ ತಂದೆವು. ಕೊನೆಯ ಮೀಟರಿನಲ್ಲಿ ಹತ್ತತ್ತು ಸೆಂಟಿಮೀಟರ್. ಪ್ರತಿ ಸಲ ನೆಟ್ಟಗೆ, ಅಡ್ಡ, ಮಗುಚಿ ಹಿಡಿದು ನೋಡಬೇಕು. ರೀಡಿಂಗ್ ಅಲುಗಿದ ದೂರದ ಎರಡರಷ್ಟು ದೂರದಲ್ಲಿ ನೆಲದ ಮೇಲೆ ಹಳದಿ ಗೆರೆ.

ಮೊದಲ ಸುತ್ತು ಪೂರ್ತಿ ವ್ಯರ್ಥವಾಯಿತು. ಸಿಗ್ನಲ್ ಚೆನ್ನಾಗಿರುವ ಕಿಟಕಿ ಪಕ್ಕ ಪರೀಕ್ಷಿಸಿದ್ದೆವು, ಎಲ್ಲ ಉಪಕರಣವೂ ಪಾಸು. ಸಿಗ್ನಲ್ ಇದ್ದಲ್ಲಿ ಫೋನು ಮೆಲ್ಲಗೆ ಮಾತಾಡುತ್ತದೆ, ಇಲ್ಲದಲ್ಲಿ ಕಿರುಚುತ್ತದೆ. 2ಜಿಗೆ ಲಾಕ್ ಮಾಡಿ ಸಿಗ್ನಲ್ ಕುಂದುವ ಮೂಲೆಯಲ್ಲಿ ಹಿಡಿದಾಗ ನಿಜ ಹೊರಬಂತು: 900 ಮೆಗಾಹರ್ಟ್ಸಿನಲ್ಲಿ ಅದು 2 ವ್ಯಾಟ್ ತನಕ ಏರುತ್ತದೆ, ಒಂದು ಮೀಟರ್ ದೂರದಲ್ಲಿ ತರಂಗದ ತೀವ್ರತೆ ಸರಿಸುಮಾರು 10 ವೋಲ್ಟ್ ಪ್ರತಿ ಮೀಟರ್. 4ಜಿ ಸಾಮಾನ್ಯವಾಗಿ 0.2 ವ್ಯಾಟಿಗೆ ನಿಲ್ಲುತ್ತದೆ. ಮುಚ್ಚಳ ತೆಗೆದ ಟ್ರಾನ್ಸ್‌ಮಿಟರ್ (ಸೆನ್ಸರಿನ ರೀಡಿಂಗನ್ನು ಕಂಟ್ರೋಲ್ ರೂಮಿಗೆ ಕಳಿಸುವ ಉಪಕರಣ) ಒಂದೂವರೆ ಮೀಟರಿನಲ್ಲೇ ತಪ್ಪು ತೋರಿಸಿತು; ಮುಚ್ಚಳ ಬಿಗಿದರೆ ಮೊಳದೊಳಗೆ ಬರುವ ತನಕ ಜಪ್ಪಯ್ಯ ಅನ್ನಲಿಲ್ಲ.

ಹಣ ಪೋಲಾದದ್ದು ಫೆರೈಟಿಗೆ, ಅಂದರೆ ರೇಡಿಯೋ ಗದ್ದಲ ತಡೆಯಲು ಕೇಬಲ್ಲಿಗೆ ತೊಡಿಸುವ ಉಂಗುರಕ್ಕೆ. ಸಿಕ್ಕ ಕೇಬಲ್ಲಿಗೆಲ್ಲ ತೊಡಿಸಿದರೂ ಪ್ರಯೋಜನ ಅಷ್ಟಕ್ಕಷ್ಟೆ. ರೋಗ ಇದ್ದದ್ದು ಗ್ಲ್ಯಾಂಡಿನಲ್ಲಿ (ಕೇಬಲ್ ಪೆಟ್ಟಿಗೆಯೊಳಗೆ ಹೊಗುವ ಬಿರಡೆ): ಕೇಬಲ್ಲಿನ ಸ್ಕ್ರೀನನ್ನು, ಅಂದರೆ ತಂತಿಗಳ ಸುತ್ತ ಇರುವ ಲೋಹದ ಹೊದಿಕೆಯನ್ನು, ಜಡೆಯಂತೆ ಹೊಸೆದು ಏಳೆಂಟು ಸೆಂಟಿಮೀಟರ್ ಎಳೆದು ಅರ್ತಿಂಗಿಗೆ ಕಟ್ಟಿದ್ದರು. 900 ಮೆಗಾಹರ್ಟ್ಸಿನ ಕಾಲು ತರಂಗವೂ ಸುಮಾರು 8 ಸೆಂಟಿಮೀಟರೇ. ಆ ಜಡೆಯೇ ಆಂಟೆನಾ ಆಗಿತ್ತು. ಸ್ಕ್ರೀನನ್ನು ಸುತ್ತಲೂ ಅಪ್ಪಿ ಹಿಡಿಯುವ ಗ್ಲ್ಯಾಂಡ್ ಹಾಕಿದೆವು, ಫೆರೈಟಿಗೆ ಸುರಿದದ್ದರಲ್ಲಿ ಅರ್ಧವೂ ತಗುಲಲಿಲ್ಲ. ಇಂಟ್ರಿನ್ಸಿಕ್ ಸೇಫ್ ಲೂಪಿನಲ್ಲಿ (ಅನಿಲಕ್ಕೆ ಕಿಡಿ ತಾಗದಷ್ಟು ಕಡಿಮೆ ಶಕ್ತಿಯ ಸರ್ಕ್ಯೂಟ್) ಮಾತ್ರ ಹುಷಾರು: ಅಲ್ಲಿ ಸ್ಕ್ರೀನಿನ ಅರ್ತ್ ಒಂದೇ ಕಡೆ.

ಅನಿಲದ ಕಡೆ ನಮ್ಮ ದೊಡ್ಡ ತಪ್ಪೆಂದರೆ ಫ್ಲೈಟ್ ಮೋಡನ್ನು ಒಪ್ಪಿದ್ದು. ಅದು ನಿಲ್ಲಿಸುವುದು ರೇಡಿಯೋ ಒಂದನ್ನೇ. ಆದರೆ ಸ್ಫೋಟಕ ಅನಿಲದ ಜಾಗದ ಉಪಕರಣಗಳಿಗಿರುವ ಅಂತರರಾಷ್ಟ್ರೀಯ ಮಾನದಂಡ ಐಇಸಿ 60079-0 ಹೈಡ್ರೋಜನ್ ಗುಂಪಿಗೂ (ಐಐಸಿ) 2 ವ್ಯಾಟ್ ತನಕ ರೇಡಿಯೋ ಶಕ್ತಿಯನ್ನು ಒಪ್ಪುತ್ತದೆ. ಹೆದರಬೇಕಾದದ್ದು ಲಿಥಿಯಂ ಸೆಲ್ಲಿಗೆ, ಕೆಳಗೆ ಬಿದ್ದಾಗ ಬಿಚ್ಚಿಕೊಳ್ಳುವ ಸಂಪರ್ಕಕ್ಕೆ. ಮೀಥೇನಿಗೆ ಸುಮಾರು 0.28 ಮಿಲಿಜೌಲ್ ಕಿಡಿ ಸಾಕು, ಹೈಡ್ರೋಜನ್ನಿಗೆ 0.02. ಹಾಗಾಗಿ ಆಫ್ ಮಾಡಿದ ಫೋನೂ ಒಳಗಿಲ್ಲ.

ಅನಿಲದ ಜಾಗಕ್ಕೆಂದೇ ಸರ್ಟಿಫಿಕೇಟ್ ಪಡೆದ ಫೋನಿಗೆ ಸಾಧಾರಣ ಫೋನಿನ ಹಲವು ಪಟ್ಟು ಬೆಲೆ. ತಲೆಗೊಂದು ಕೊಳ್ಳಲಾಗದೆ ನಾಲ್ಕೇ ತೆಗೆದುಕೊಂಡು ಶಿಫ್ಟಿಗೆ ಸಹಿ ಮಾಡಿ ಕೊಡುತ್ತೇವೆ. ಮೊದಲ ಕಂತಿನಲ್ಲಿ ಬಂದದ್ದು ಝೋನ್ 2ರದ್ದು (ಅನಿಲ ಅಪರೂಪಕ್ಕೆ ಬರುವ ಜಾಗ), ನಮಗೆ ಬೇಕಾದದ್ದು ಝೋನ್ 1 (ಮಾಮೂಲಿ ಕೆಲಸದಲ್ಲೂ ಅನಿಲ ಬರಬಹುದಾದ ಜಾಗ), ಐಐಸಿ, ಟಿ4 (ಉಪಕರಣದ ಮೈ ಬಿಸಿಯಾಗುವ ಮಿತಿ). ಲೇಬಲ್ ಓದಿ ವಾಪಸ್ ಕಳಿಸಿದೆವು. ಚಾರ್ಜಿಂಗ್ ಝೋನಿನ ಹೊರಗೆ ಮಾತ್ರ. ಗಾಜು ಸೀಳಿದ ದಿನ, ಹೊರಗಿನ ಸೆಲ್ ಹಾಕಿದ ದಿನ ಅದರ ಸರ್ಟಿಫಿಕೇಟ್ ಮುಗಿಯಿತು, ರಿಂಗ್ ಆಗುತ್ತಿದ್ದರೂ ಸರಿ.

ನಡುವೆ ಇನ್ನೊಂದು ಪ್ರಯೋಗ ಮಾಡಿದೆವು. ಬೆನ್ನಿಗೆ ಅಯಸ್ಕಾಂತ ಇರುವ ಫೋನನ್ನು ರೀಡ್ ಸ್ವಿಚ್ಚಿನ (ಅಯಸ್ಕಾಂತ ಹತ್ತಿರ ಬಂದರೆ ಕೂಡುವ ಸ್ವಿಚ್) ಬಾಗಿಲ ಇಂಟರ್‌ಲಾಕಿಗೆ (ಬಾಗಿಲು ತೆರೆದರೆ ಯಂತ್ರ ತಡೆಯುವ ವ್ಯವಸ್ಥೆ) ತಾಗಿಸಿದರೆ, ತೆರೆದ ಬಾಗಿಲೂ ಮುಚ್ಚಿದಂತೆ ತೋರಿತು. ಫೋನು ಆಫ್ ಇದ್ದರೂ ಅಷ್ಟೇ. ಸದ್ದು ಕೇಳಿ ಫೋನು ಪತ್ತೆ ಮಾಡುತ್ತೇವೆ ಅನ್ನುವವರಿಗೂ ಒಂದು ಮಾತು: ಹತ್ತಿರದ ಸ್ಪೀಕರಿನಲ್ಲಿ ಗುರ್ ಅನ್ನುವ 217 ಹರ್ಟ್ಸ್ ಸದ್ದು 2ಜಿಯದು. 4ಜಿಯಲ್ಲಿ ಆ ಸದ್ದಿಲ್ಲವೆಂದು ಫೋನು ಸುಮ್ಮನಿದೆ ಅಂದುಕೊಳ್ಳಬೇಡಿ.

ಫೋನು ಬಿಟ್ಟುಹೋಗುವ ಲಾಕರನ್ನು ಮೊದಲು ಉಪಕರಣಗಳ ಕೇಬಲ್ ಕೂಡುವ ಜಂಕ್ಷನ್ ಬಾಕ್ಸಿನ ಪಕ್ಕವೇ ಇಟ್ಟಿದ್ದೆವು. ಕಬ್ಬಿಣದ ಲಾಕರಿನೊಳಗೆ ಸಿಗ್ನಲ್ ಕುಂದಿ ಎಲ್ಲ ಫೋನುಗಳೂ ಪವರ್ ಏರಿಸಿದವು, ಶಿಫ್ಟ್ ಬದಲಾಗುವ ಹೊತ್ತಿಗೆ ಸರಿಯಾಗಿ ರೀಡಿಂಗ್ ಕುಣಿಯಿತು. ಆರು ಮೀಟರ್ ಆಚೆ ಸರಿಸಿ, ಆಫ್ ಮಾಡಿಯೇ ಇಡುವ ನಿಯಮ ತಂದೆವು. ಯಾರ ಫೋನು ಆನ್ ಇದೆ ಅಂತ ಕಂಡುಹಿಡಿಯುವ ನಮ್ಮ ಉಪಾಯವನ್ನು ಇಲ್ಲಿ ಬರೆಯುವುದಿಲ್ಲ. ಪ್ಯಾನಲ್ ಬಾಗಿಲಿನ ಗ್ಯಾಸ್ಕೆಟ್ ಬದಲಾದರೂ, ಟ್ರಾನ್ಸ್‌ಮಿಟರ್ ಬದಲಾದರೂ ಹಳೆಯ ಗೆರೆ ಅಳಿಸಿ, ಮೂರು ಮೀಟರಿನಿಂದ ಮತ್ತೆ ಶುರು.