ಬೋರ್ ನೀರಿನ ಸ್ಯಾಂಪಲ್: ಗ್ಯಾಸ್ ಹಾರಿಹೋಗದಂತೆ ಬಾಟಲಿ ತುಂಬುವುದು ಹೇಗೆ?

ಕೊಪ್ಪಳ ಜಿಲ್ಲೆಯ ಕುಷ್ಟಗಿ, ಯಲಬುರ್ಗಾ ಕಡೆಯಿಂದ ಪರೀಕ್ಷೆಗೆ ಬರುವ ಎಷ್ಟೋ ಬಾಟಲಿಗಳನ್ನು ನೋಡಿದ್ದೇನೆ. ಮುಕ್ಕಾಲು ತುಂಬಿದ ಹಳೆಯ ಜ್ಯೂಸ್ ಬಾಟಲಿ, ಬೈಕಿನಲ್ಲಿ ಕುಲುಕುತ್ತಾ ಬಂದಿರುತ್ತದೆ. ಅದರ ಪಿಎಚ್ (ನೀರು ಎಷ್ಟು ಆಮ್ಲ, ಎಷ್ಟು ಕ್ಷಾರ ಅನ್ನುವ ಅಳತೆ) ನಂಬುವಂತಿಲ್ಲ.

ನೆಲದೊಳಗೆ ಇಂಗಾಲದ ಡೈಆಕ್ಸೈಡ್ ಗ್ಯಾಸ್ ನೀರಿಗೆ ಸೇರಿದರೆ ಕಾರ್ಬಾನಿಕ್ ಆಮ್ಲವಾಗುತ್ತದೆ. ಪಿಎಚ್ ಇಳಿಯುತ್ತದೆ. ಆ ಆಮ್ಲ ಸುಣ್ಣದ ಹರಳನ್ನು ಕರಗಿಸಿ ಗಡಸುತನ ಏರಿಸುತ್ತದೆ, ಕಲ್ಲು ಮಣ್ಣಿನಲ್ಲಿರುವ ಕಬ್ಬಿಣ, ಮ್ಯಾಂಗನೀಸನ್ನೂ ಬಿಡಿಸಬಹುದು. ಅಮೆರಿಕದ ಮೊಂಟಾನಾದಲ್ಲಿ 2008ರಲ್ಲಿ ಈ ಗ್ಯಾಸನ್ನು ಬೇಕೆಂದೇ ನೆಲದೊಳಗೆ ಬಿಟ್ಟು ನೋಡಿದರು. ಅಂತರ್ಜಲದ ಪಿಎಚ್ 7ರಿಂದ 5.6ಕ್ಕೆ ಇಳಿಯಿತು. ಈ ಗ್ಯಾಸ್ ನೀರಿನಲ್ಲಿ ಕರಗಿ ಸುಣ್ಣದ ಜೊತೆ ಸೇರಿದಾಗ ಉಂಟಾಗುವ ಬೈಕಾರ್ಬನೇಟ್ ಲೀಟರಿಗೆ ಸುಮಾರು 400ರಿಂದ 1,330 ಮಿಲಿಗ್ರಾಂಗೆ ಏರಿತು. ನಮ್ಮ ಹೊಲಗಳಲ್ಲಿ ಬೇರು, ಮಣ್ಣಿನ ಸೂಕ್ಷ್ಮಜೀವಿಗಳು ಬಿಡುವ ಗ್ಯಾಸೂ ನೀರಿಗೆ ಇಳಿಯುತ್ತಿರುತ್ತದೆ. ಬಾಟಲಿಯಲ್ಲಿ ಗಾಳಿ ಇದ್ದರೆ ಈ ಗ್ಯಾಸ್ ನೀರಿನಿಂದ ಹೊರಬರುತ್ತದೆ, ಪಿಎಚ್ ತಾನಾಗಿ ಏರುತ್ತದೆ. ಕೆಟ್ಟ ನೀರೂ ಒಳ್ಳೆಯದರಂತೆ ಕಾಣುತ್ತದೆ.

ಹಂತ 1: ಕರೆಂಟ್ ಬಂದಾಗ ಮೋಟರು ಹಾಕಿ, ಪೈಪಿನ ಹಳೆಯ ನೀರೆಲ್ಲ ಹೋಗಲಿ. ನೀರಿನ ಬಿಸಿ, ಪಿಎಚ್ ಒಂದೇ ಮಟ್ಟಕ್ಕೆ ನಿಲ್ಲುವವರೆಗೆ ಕಾಯಿರಿ.

ಹಂತ 2: ಮೋಟರಿನ ಬಾಯಲ್ಲೇ ನೀರು ಹಿಡಿಯಿರಿ. ತೊಟ್ಟಿ, ಟ್ಯಾಂಕಿನ ನೀರು ಬೇಡ.

ಹಂತ 3: ಇಲ್ಲೇ ಎಲ್ಲರೂ ಎಡವುವುದು. ಸಣ್ಣ ಪ್ಲಾಸ್ಟಿಕ್ ಟ್ಯೂಬನ್ನು ಬಾಟಲಿಯ ತಳ ಮುಟ್ಟಿಸಿ. ನೀರನ್ನು ನಿಧಾನಕ್ಕೆ ಬಿಡಿ, ನೊರೆ ಏಳಬಾರದು. ಬಾಟಲಿ ತುಂಬಿದ ಮೇಲೂ ನಿಲ್ಲಿಸಬೇಡಿ, ಒಳಗಿನ ನೀರು ಎರಡು ಮೂರು ಸಲ ಬದಲಾಗುವಷ್ಟು ಹೊರಗೆ ಹರಿಯಲಿ. ಟ್ಯೂಬನ್ನು ಮೆಲ್ಲಗೆ ಎಳೆದು, ಬಾಯಿ ತುಂಬಿ ಉಬ್ಬಿದ ನೀರಿನ ಮೇಲೆಯೇ ಮುಚ್ಚಳ ತಿರುಗಿಸಿ. ತಲೆಕೆಳಗು ಮಾಡಿ ನೋಡಿ. ಒಂದು ಗುಳ್ಳೆ ಕಂಡರೂ ಚೆಲ್ಲಿ ಮತ್ತೆ ತುಂಬಿ. ಸುಮ್ನೆ ಮೇಲೆ ಒಂದಿಷ್ಟು ಸುರಿದು ಮುಚ್ಚಿದರೆ ಆಗಲ್ಲ. ಈ ಬಾಟಲಿಗೆ ಆಮ್ಲ ಹಾಕಲೇಬಾರದು, ಹಾಕಿದರೆ ಬೈಕಾರ್ಬನೇಟ್ ಗ್ಯಾಸಾಗಿ ಹೋಗುತ್ತದೆ.

ಹಂತ 4: ಕಬ್ಬಿಣ, ಮ್ಯಾಂಗನೀಸಿನಂಥ ಲೋಹಗಳ ಪರೀಕ್ಷೆಗೆ ಬೇರೆ ಬಾಟಲಿ. ಅದಕ್ಕೆ ನೈಟ್ರಿಕ್ ಆಮ್ಲ ಬೇಕು. ಲ್ಯಾಬಿನವರು ಕೊಟ್ಟ ಬಾಟಲಿಯನ್ನೇ ಬಳಸಿ, ಔಷಧ ಹೊಡೆದ ಡಬ್ಬಿ ತೊಳೆದು ತರಬೇಡಿ.

ಹಂತ 5: ಪಿಎಚ್ ಬೋರ್ ಹತ್ತಿರವೇ ಅಳೆಯಿರಿ. ಮೀಟರನ್ನು ಪಿಎಚ್ 4 ಮತ್ತು 7ರ ಬಫರ್ ದ್ರಾವಣದಲ್ಲಿ (ಪಿಎಚ್ ಮೊದಲೇ ಗೊತ್ತಿರುವ ದ್ರಾವಣ) ಸರಿಪಡಿಸಿದ ಮೇಲೆಯೇ ನೀರಿಗೆ ಅದ್ದಬೇಕು. ಬಫರ್ ಇಲ್ಲದೆ ಮಾರುವ ಅಗ್ಗದ ಮೀಟರು, ಬಣ್ಣ ನೋಡುವ ಕಾಗದ ಎರಡೂ ಈ ಕೆಲಸಕ್ಕೆ ಬೇಡ, ದುಡ್ಡು ದಂಡ.

ಪಿಎಚ್ ಚೆನ್ನಾಗಿದ್ದರೆ ಫ್ಲೋರೈಡ್ ಇಲ್ಲ ಅಂದುಕೊಳ್ಳಬೇಡಿ. ಸುಣ್ಣದಂಶ ಕಡಿಮೆ, ಪಿಎಚ್ ಜಾಸ್ತಿ ಇರುವ ನೀರಿನಲ್ಲೇ ಅದು ಹೆಚ್ಚಾಗಿ ಸಿಗುತ್ತದೆ. ಕುಡಿಯುವ ನೀರಿಗೆ ಭಾರತೀಯ ಮಾನಕದ ಮಿತಿ ಲೀಟರಿಗೆ 1 ಮಿಲಿಗ್ರಾಂ, ಬೇರೆ ನೀರೇ ಇಲ್ಲದಿದ್ದರೆ 1.5. ಕಾಯಿಸಿದರೆ ಅದು ಹೋಗುವುದಿಲ್ಲ. ಫ್ಲೋರೈಡ್ ಪರೀಕ್ಷೆ ಬೇರೆಯಾಗಿಯೇ ಕೇಳಿ.

ಬಾಟಲಿಯನ್ನು ಐಸ್ ಡಬ್ಬಿಯಲ್ಲಿಟ್ಟು ಅದೇ ದಿನ ಲ್ಯಾಬಿಗೆ ಕೊಡಿ. ಒಂದೇ ಬೋರಿನ ನೀರನ್ನು ಮಳೆಗಾಲದ ಮುಂಚೆ ಮತ್ತು ಆಮೇಲೆ ಹೀಗೇ ತೆಗೆಯಿರಿ. ಪಿಎಚ್ ಇಳಿದು ಬೈಕಾರ್ಬನೇಟ್, ವಿದ್ಯುತ್ ವಾಹಕತೆ (ನೀರಿನಲ್ಲಿ ಕರಗಿದ ಲವಣ ಎಷ್ಟಿದೆ ಅಂತ ತೋರಿಸುವ ಅಳತೆ) ಒಟ್ಟಿಗೆ ಏರಿದ್ದರೆ ಗ್ಯಾಸ್ ಹೆಚ್ಚಾಗಿರಬಹುದು. ಆಗ ಕಬ್ಬಿಣ, ಮ್ಯಾಂಗನೀಸ್, ಆರ್ಸೆನಿಕ್ ಮೂರನ್ನೂ ನೋಡಿಸಿ.