ಆಟೋಮ್ಯಾಟಿಕ್ ಕಾರು ತಗೊಳ್ಳೋ ಮುಂಚೆ ಗೇರ್‌ಬಾಕ್ಸ್ ಯಾವುದು ಅಂತ ಕೇಳಿ

ಆಟೋಮ್ಯಾಟಿಕ್ ಅಂದರೆ ಎಲ್ಲವೂ ಒಂದೇ ಅಲ್ಲ. ಒಳಗಿರುವ ಗೇರ್‌ಬಾಕ್ಸ್ ಬೇರೆಯಾದರೆ ಓಡಿಸುವ ಅನುಭವವೂ ಬೇರೆ.

ಎಎಂಟಿ ಅಂದರೆ ಮೂಲತಃ ಮ್ಯಾನುಯಲ್ ಗೇರ್‌ಬಾಕ್ಸೇ. ಕ್ಲಚ್ ಒತ್ತುವ, ಗೇರ್ ಬದಲಿಸುವ ಕೆಲಸವನ್ನು ಯಂತ್ರ ಮಾಡುತ್ತದೆ, ಅಷ್ಟೇ. ಬೆಲೆ ಕಡಿಮೆ, ಮೈಲೇಜ್ ಚೆನ್ನಾಗಿರುತ್ತದೆ. ಆದರೆ ಗೇರ್ ಬದಲಾಗುವಾಗ ಸಣ್ಣ ಜರ್ಕ್ ಇರುತ್ತದೆ. ಆ ಹೊತ್ತಿಗೆ ಆಕ್ಸಿಲರೇಟರ್ ಸ್ವಲ್ಪ ಸಡಿಲ ಬಿಟ್ಟು ನೋಡಿ, ಜರ್ಕ್ ಎಷ್ಟೋ ತಗ್ಗುತ್ತದೆ. ಏರಿನಲ್ಲಿ ನಿಂತಾಗ ಆಕ್ಸಿಲರೇಟರ್ ಒತ್ತಿ ಕಾರನ್ನು ಹಿಡಿದಿಡಬೇಡಿ, ಕ್ಲಚ್ ಸವೆಯುತ್ತದೆ. ಬ್ರೇಕ್ ಬಳಸಿ.

ಡಿಸಿಟಿಯಲ್ಲಿ ಎರಡು ಕ್ಲಚ್ ಇರುತ್ತವೆ. ಒಂದು 1, 3, 5ನೇ ಗೇರ್‌ಗಳಿಗೆ, ಇನ್ನೊಂದು 2, 4, 6ಕ್ಕೆ. ಮುಂದಿನ ಗೇರ್ ಮೊದಲೇ ಸಿದ್ಧವಾಗಿರುವುದರಿಂದ ಬದಲಾವಣೆ ಬಲು ಚುರುಕು. ವೇಗ ಇಷ್ಟಪಡುವವರಿಗೆ ಇದೇ ಹಿಡಿಸುತ್ತದೆ. ಆದರೆ ಡ್ರೈ ಕ್ಲಚ್ (ಎಣ್ಣೆಯಲ್ಲಿ ಮುಳುಗಿರದ ಕ್ಲಚ್) ಇದ್ದರೆ ಟ್ರಾಫಿಕ್‌ನಲ್ಲಿ ಇಂಚಿಂಚು ತೆವಳಿಸಬೇಡಿ, ಬಿಸಿಯಾಗುತ್ತದೆ. ಮುಂದೆ ಸ್ವಲ್ಪ ಜಾಗ ಆಗಲಿ, ಆಮೇಲೆ ಹೊರಡಿ.

ಸಿವಿಟಿಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಬದಲಾಗುವ ಗೇರ್‌ಗಳಿಲ್ಲ, ಅನುಪಾತ ನಿರಂತರವಾಗಿ ಬದಲಾಗುತ್ತಿರುತ್ತದೆ. ಹಾಗಾಗಿ ತುಂಬಾ ನಯ, ಜರ್ಕ್ ಅನ್ನೋದೇ ಇಲ್ಲ. ಜೋರಾಗಿ ಒತ್ತಿದರೆ ಎಂಜಿನ್ ಸದ್ದು ಮೊದಲು ಏರುತ್ತದೆ, ವೇಗ ನಿಧಾನವಾಗಿ ಬರುತ್ತದೆ. ಕೆಲವರಿಗೆ ಇದು ಸರಿಹೋಗಲ್ಲ.

ದಿನವೂ ಟ್ರಾಫಿಕ್‌ನಲ್ಲಿ ಸಿಕ್ಕಿಬೀಳುವವರಿಗೆ ನನ್ನ ಮೊದಲ ಆಯ್ಕೆ ಟಾರ್ಕ್ ಕನ್ವರ್ಟರ್ ಇರುವ ಆಟೋಮ್ಯಾಟಿಕ್. ಇದರಲ್ಲಿ ಎಂಜಿನ್‌ನ ಶಕ್ತಿ ದ್ರವದ ಮೂಲಕ ಗೇರ್‌ಬಾಕ್ಸ್‌ಗೆ ಸಾಗುವುದರಿಂದ ತೆವಳುವ ಓಟವನ್ನು ಚೆನ್ನಾಗಿ ತಡೆದುಕೊಳ್ಳುತ್ತದೆ.

ಕಾರು ಪೂರ್ತಿ ತಮ್ಮ ಹಿಡಿತದಲ್ಲೇ ಇರಬೇಕು ಅನ್ನುವವರಿಗೆ ಮ್ಯಾನುಯಲ್ಲೇ ಸರಿ. ಸುಮ್ನೆ ಕ್ಲಚ್ ಮೇಲೆ ಕಾಲಿಟ್ಟುಕೊಂಡು ಓಡಿಸಬೇಡಿ.

ಟೆಸ್ಟ್ ಡ್ರೈವ್ ಖಾಲಿ ರಸ್ತೆಯಲ್ಲಿ ಬೇಡ. ಟ್ರಾಫಿಕ್‌ನಲ್ಲಿ ಓಡಿಸಿ, ಏರಿನಲ್ಲಿ ರಿವರ್ಸ್ ತೆಗೆದು ನೋಡಿ.