ರಾತ್ರಿ ಫೀಡರ್ ಖಾಲಿ ಮಾಡುತ್ತಿದ್ದವರು

ಅರಿಜೋನಾದ ಟೂಸಾನ್‌ಗೆ ಬಂದ ವರ್ಷ ಹಿತ್ತಲಲ್ಲಿ, ಮಕರಂದ ಹೀರುವ ಪುಟ್ಟ ಹಮ್ಮಿಂಗ್‌ಬರ್ಡ್ ಹಕ್ಕಿಗಳಿಗೆಂದು ಸಕ್ಕರೆ ನೀರಿನ ಒಂದು ಫೀಡರ್ ತೂಗುಹಾಕಿದ್ದೆ. ಒಂದು ಪಾಲು ಸಕ್ಕರೆ, ನಾಲ್ಕು ಪಾಲು ನೀರು. ಕೆಂಪು ಬಣ್ಣವೆಲ್ಲ ಬೇಡ. ಆಗಸ್ಟ್ ಕೊನೆಯಲ್ಲಿ ಶುರುವಾಯಿತು ನೋಡಿ, ಸಂಜೆ ತುಂಬಿಸಿದ್ದು ಬೆಳಿಗ್ಗೆ ಬರಿದು! ರಕೂನ್ ಎಂಬ ಪ್ರಾಣಿಯ ಕಾಟ ಅಂದುಕೊಂಡು ಇನ್ನೂ ಎತ್ತರಕ್ಕೆ ಕಟ್ಟಿದೆ. ಮರುದಿನವೂ ಬರಿದೇ.

ಒಂದು ರಾತ್ರಿ ದೀಪ ಆರಿಸಿ ಸುಮ್ನೆ ಕೂತೆ. ಕಿವಿಯ ಪಕ್ಕದಲ್ಲಿ ಗಾಳಿ ಸುಳಿದಂತಾಯಿತು. ಬಾವಲಿ! ಅದು ಫೀಡರ್ ಮೇಲೆ ಕೂರಲೇ ಇಲ್ಲ. ಗಾಳಿಯಲ್ಲೇ ಒಂದು ಕ್ಷಣ ನಿಂತು ನಾಲಿಗೆ ಅದ್ದಿತು, ಹೋಯಿತು. ಅದರ ಹಿಂದೆ ಇನ್ನೊಂದು, ಮತ್ತೊಂದು.

ಕಣ್ಣಿಗೆ ಕಾಣುವುದು ಬರೀ ನೆರಳು. ಹಾಗಾಗಿ ಕ್ಯಾಮೆರಾವನ್ನು ಸ್ಟ್ಯಾಂಡ್ ಮೇಲಿಟ್ಟೆ. ಬೆಳಕಿರುವಾಗಲೇ ಫೀಡರ್‌ನ ತೂತಿಗೆ ಫೋಕಸ್ ಹೊಂದಿಸಿ, ಮತ್ತೆ ಅದನ್ನು ಮುಟ್ಟಲಿಲ್ಲ. ಮೊದಲ ರಾತ್ರಿ ಸಿಕ್ಕಿದ್ದು ಬಾವಲಿಯೇ ಇಲ್ಲದ ಫೀಡರ್‌ನ ಚಿತ್ರ, ಒಂದೆರಡು ರೆಕ್ಕೆ ತುದಿ, ಅಷ್ಟೇ. ಬಂದ ಮೇಲೆ ಒತ್ತಿದರೆ ತಡವಾಗುತ್ತದೆ. ಬರುವ ಲಯ ಹಿಡಿದು ಮೊದಲೇ ಒತ್ತಬೇಕು. ನಾಲ್ಕನೇ ರಾತ್ರಿ ಕೈ ಕುದುರಿತು.

ಇಲ್ಲಿಗೆ ಬರುವ ಮಕರಂದದ ಬಾವಲಿಗಳು ಎರಡು ಜಾತಿ. ಹಿಂಭಾಗ ಕಾಣುವ ಫೋಟೋ ಸಿಕ್ಕರೆ ಗುರುತಿಸುವುದು ಸುಲಭ. ಸಣ್ಣ ಬಾಲ, ತುಂಬಾ ಉದ್ದದ ಮೂತಿ ಇದ್ದರೆ ಮೆಕ್ಸಿಕನ್ ಉದ್ದ ನಾಲಿಗೆಯ ಬಾವಲಿ. ಬಾಲ ಕಾಣದಿದ್ದರೆ ಲೆಸರ್ ಲಾಂಗ್-ನೋಸ್ಡ್, ಅಂದರೆ ಉದ್ದ ಮೂಗಿನ ಬಾವಲಿ. ಅಮೆರಿಕದಲ್ಲಿ 1988ರಲ್ಲಿ ಅಳಿವಿನಂಚಿನ ಪಟ್ಟಿಗೆ ಸೇರಿ, 2018ರಲ್ಲಿ ಹೊರಬಂದದ್ದು ಇದೇ.

ಫೋಟೋ ದೊಡ್ಡದು ಮಾಡಿ ನೋಡಿದಾಗ ಕೆಲವದರ ಮುಖಕ್ಕೆ ಹಳದಿ ಪುಡಿ ಮೆತ್ತಿತ್ತು. ಪರಾಗ! ಬೇಸಿಗೆ ಶುರುವಿನಲ್ಲಿ ಈ ಬಾವಲಿಗಳು ಸಗ್ವಾರೊ ಎಂಬ ಎತ್ತರದ ಕಳ್ಳಿಯ ಹೂ ಹುಡುಕುತ್ತಾ ಮೆಕ್ಸಿಕೋದಿಂದ ಉತ್ತರಕ್ಕೆ ಬರುತ್ತವೆ. ಆ ಹೂ ರಾತ್ರಿ ಅರಳಿ ಮರುದಿನ ಮಧ್ಯಾಹ್ನದವರೆಗೂ ತೆರೆದಿರುವುದರಿಂದ ಜೇನುನೊಣ, ಪಾರಿವಾಳಗಳಿಗೂ ಪಾಲು ಸಿಗುತ್ತದೆ. ಆಮೇಲೆ ಗುಡ್ಡದ ಕತ್ತಾಳೆಯ ಸರದಿ. ಎಷ್ಟೋ ವರ್ಷ ಬೆಳೆದು, ಒಂದೇ ಸಲ ಹೂ ಬಿಟ್ಟು ಸಾಯುವ ಗಿಡ ಅದು. ಅದಕ್ಕೆ ಎರಡನೇ ಅವಕಾಶವೇ ಇಲ್ಲ, ಅಲ್ವಾ?

ಈ ಬಾವಲಿಗಳಿಗೆ ಪ್ರೋಟೀನ್ ಸಿಗುವುದು ಪರಾಗದಿಂದ. ನನ್ನ ಸಕ್ಕರೆ ನೀರಿನಲ್ಲಿ ಅದೆಲ್ಲಿಂದ ಬರಬೇಕು? ಅದಕ್ಕೇ ಬೇಲಿ ಪಕ್ಕ ಮೂರು ಕತ್ತಾಳೆ ಸಸಿ ನೆಟ್ಟಿದ್ದೇನೆ. ಫೀಡರ್ ಕೂಡ ಅಲ್ಲೇ ಇದೆ. ಬೆಳಗಿನ ಹಕ್ಕಿಗಳಿಗೆ ಇನ್ನೊಂದನ್ನು ತುಂಬಿಸಿ ಅಡುಗೆಮನೆಯಲ್ಲಿಟ್ಟು ಮಲಗುತ್ತೇನೆ.